ಮಾತ್ರೆ ಶುರುವಾದ ಮೂರನೆಯ ವಾರ

ಮೀನುಗಾರಿಕೆ ನಿಷೇಧದ ದಿನಗಳು. ಬೈತಖೋಲದ ದೋಣಿಗಳೆಲ್ಲ ದಡ ಸೇರಿದ್ದವು. ಕಾರವಾರದ ನಮ್ಮ ಹೊರರೋಗಿ ಕೋಣೆಗೆ ಬಂದ ಮೀನುಗಾರರೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಕುತ್ತಿಗೆಯ ಗಂಟನ್ನು ಮುಟ್ಟಿ ತೋರಿಸಿದರು. ಎಚ್‌ಐವಿ ಮಾತ್ರೆ ಆರಂಭಿಸುವಾಗ ಅಡಿಕೆಯಷ್ಟಿದ್ದದ್ದು ಮೂರನೆಯ ವಾರಕ್ಕೆ ಲಿಂಬೆಹಣ್ಣಿನಷ್ಟಾಗಿತ್ತು, ಜೊತೆಗೆ ಚಳಿಜ್ವರ. ಹೊಟ್ಟೆಯ ಗಂಟಿನ ಬಯಾಪ್ಸಿಯಲ್ಲಿ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಎಂದು ಮೊದಲೇ ಗೊತ್ತಾಗಿತ್ತು. ಮಾತ್ರೆ ಆಗಿಬರುತ್ತಿಲ್ಲವೆಂದು ಅವರು ನಾಲ್ಕು ದಿನ ಬಿಟ್ಟಿದ್ದರು. ಹೀಗಾಗಬಹುದೆಂದು ಆರಂಭದ ದಿನವೇ ಹೇಳದಿದ್ದದ್ದು ನನ್ನದೇ ತಪ್ಪು.

ಮಾತ್ರೆಯಿಂದ ಎಚ್‌ಐವಿ ವೈರಾಣು ಇಳಿದು, ಸೋಂಕಿನ ವಿರುದ್ಧ ಹೋರಾಡುವ ಸಿಡಿ4 ಬಿಳಿ ರಕ್ತಕೋಶಗಳು ಚೇತರಿಸಿಕೊಂಡಾಗ, ಅಲ್ಲಿಯತನಕ ಸುಮ್ಮನಿದ್ದ ರೋಗನಿರೋಧಕ ವ್ಯವಸ್ಥೆ ದೇಹದಲ್ಲಿ ಅಡಗಿದ್ದ ಕ್ಷಯ, ಶಿಲೀಂಧ್ರ ಅಥವಾ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿನ ವೈರಾಣುವಿನ ಮೇಲೆ ಒಮ್ಮೆಲೇ ಮುಗಿಬೀಳುವುದರಿಂದ ಉಂಟಾಗುವ ಉರಿಯೂತಕ್ಕೆ ವೈದ್ಯರು ಐರಿಸ್ ಎನ್ನುತ್ತಾರೆ. ಆರಂಭದಲ್ಲಿ ಸಿಡಿ4 ಎಣಿಕೆ 100ಕ್ಕಿಂತ, ಅದರಲ್ಲೂ 50ಕ್ಕಿಂತ ಕಡಿಮೆಯಿದ್ದರೆ, ವೈರಲ್ ಲೋಡ್ (ರಕ್ತದಲ್ಲಿನ ಎಚ್‌ಐವಿ ಪ್ರಮಾಣ) ಹೆಚ್ಚಿದ್ದು ಬೇಗ ಕುಸಿದರೆ, ಹಿಮೋಗ್ಲೋಬಿನ್ ಇಳಿದು ಸಿಆರ್‌ಪಿಯಂಥ ಉರಿಯೂತದ ಸೂಚಕಗಳು ಏರಿದ್ದರೆ ಅಪಾಯ ಹೆಚ್ಚು. ಕ್ಯಾನ್ಸರ್ ಇದ್ದವರಲ್ಲಿ ತೊಡಕು ಇಲ್ಲೇ ಇದೆ: ಲಿಂಫೋಮಾವೇ ಜ್ವರ ತರಿಸುತ್ತದೆ, ಸಿಆರ್‌ಪಿ ಏರಿಸುತ್ತದೆ, ಕೀಮೋ ಸಿಡಿ4 ಅನ್ನು ಇಳಿಸುತ್ತದೆ. ಹಾಗಾಗಿ ಐರಿಸ್ ಬಂದೀತೇ ಎಂದು ಅಂಕ ಕೂಡಿಸಿ ಭವಿಷ್ಯ ನುಡಿಯುವ ಸೂತ್ರಗಳನ್ನು ಇಂಥವರಿಗೆ ಹಾಗೆಯೇ ಅನ್ವಯಿಸಲು ನನಗೆ ಧೈರ್ಯವಿಲ್ಲ. ಮೊದಲ ಮಾತ್ರೆಗೆ ಮುನ್ನ ಕ್ಷಯವನ್ನು ಹುಡುಕಿ ನೋಡುವುದೇ ನಮ್ಮ ಕಡೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸ್ಟೀರಾಯ್ಡ್ ಕೊಟ್ಟುಬಿಡೋಣ ಎಂಬ ಆಸೆ ಅಂದು ನನಗೂ ಬಂದಿತ್ತು. ಕ್ಷಯದ ಐರಿಸ್‌ನಲ್ಲಿ ಅದು ನೆರವಾಗುತ್ತದೆ, ನಿಜ. ಆದರೆ ಕಪೋಸಿ ಸಾರ್ಕೋಮಾ ಅದರಿಂದ ಉಲ್ಬಣಿಸುತ್ತದೆ, ಲಿಂಫೋಮಾದ ಗಂಟು ತಾತ್ಕಾಲಿಕವಾಗಿ ಕರಗಿ ರೋಗನಿರ್ಣಯವನ್ನೇ ಮರೆಮಾಡುತ್ತದೆ. ಆದ್ದರಿಂದ ಮೊದಲು ಕುತ್ತಿಗೆಯ ಗಂಟಿಗೆ ಸೂಜಿ ಹಾಕಿದೆವು. ಹಳದಿ ಕೀವು ಬಂತು. ಸಿಬಿನಾಟ್ ಪರೀಕ್ಷೆ ಕ್ಷಯವೆಂದಿತು. ಲಿಂಫೋಮಾದ ಮರೆಯಲ್ಲಿ ಅದು ಕೂತಿತ್ತು, ಎಆರ್‌ಟಿ, ಅಂದರೆ ಎಚ್‌ಐವಿ ಮಾತ್ರೆ, ಅದನ್ನು ಹೊರಗೆಳೆದಿತ್ತು.

ಎಆರ್‌ಟಿ ನಿಲ್ಲಿಸಲಿಲ್ಲ. ಕ್ಷಯದ ಔಷಧಿ ರಿಫಾಂಪಿಸಿನ್ ಜೊತೆಯಾದ್ದರಿಂದ ಎಚ್‌ಐವಿ ಔಷಧಿ ಡೊಲುಟೆಗ್ರಾವಿರ್ 50 ಮಿಲಿಗ್ರಾಂ ದಿನಕ್ಕೆ ಎರಡು ಬಾರಿಯಾಯಿತು. ಕೀಮೋಗೆ ಹುಬ್ಬಳ್ಳಿಗೆ ಹೋಗಬೇಕು. ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದೀತೆಂಬ ಭಯದಲ್ಲಿ ಒಂದು ದಿನ ಮೊದಲೇ ಹೊರಡುತ್ತಿದ್ದರು. ಈಗ ಯಾರಿಗೆ ಮಾತ್ರೆ ಆರಂಭಿಸಿದರೂ ಎರಡನೆಯ ಮತ್ತು ನಾಲ್ಕನೆಯ ವಾರದ ತಾರೀಖನ್ನು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದು, 'ಜ್ವರ ಬಂದರೆ, ಗಂಟು ಊದಿದರೆ ಮಾತ್ರೆ ಬಿಡದೆ ಬನ್ನಿ' ಎಂದು ಕೆಳಗೆ ಸೇರಿಸುತ್ತೇನೆ.