ಪ್ಲಾನ್ ಹೋಲಿಸುವಾಗ ಸರಾಸರಿ ಬಳಕೆಯನ್ನು ನಂಬಬೇಡಿ

ಸಾಮಾನ್ಯವಾಗಿ ಶುಲ್ಕದ ಪ್ಲಾನಿನಲ್ಲಿ ಎರಡು ಭಾಗ: ಬಳಸಿದರೂ ಬಿಟ್ಟರೂ ಕಟ್ಟಬೇಕಾದ ಸ್ಥಿರ ಮೊತ್ತ, ಮತ್ತು ಯೂನಿಟ್ಟಿಗೆ ಇಂತಿಷ್ಟು ಎಂಬ ದರ. ತಿಂಗಳ ಬಳಕೆಯನ್ನು ‘ಬ’ ಎಂದಿಟ್ಟುಕೊಂಡರೆ ಬಿಲ್ಲು ಒಂದು ಸರಳರೇಖೆ. ಸ್ಥಿರ ಮೊತ್ತ ಅದು ಹೊರಡುವ ಎತ್ತರ, ದರವೇ ಅದರ ಇಳಿಜಾರು.

ಕ ಪ್ಲಾನ್: 200 + 5ಬ
ಖ ಪ್ಲಾನ್: 500 + 2ಬ

ಖ ಪ್ಲಾನಿಗೆ ಮೊದಲೇ 300 ಹೆಚ್ಚು ಕೊಡಬೇಕು, ಆದರೆ ಪ್ರತಿ ಯೂನಿಟ್ಟಿಗೆ 3 ಉಳಿಯುತ್ತದೆ. 300 ÷ 3 = 100. ನೂರು ಯೂನಿಟ್ಟಿಗೆ ಎರಡೂ 700. ಅದರೊಳಗೆ ಕ ಅಗ್ಗ, ಅದನ್ನು ದಾಟಿದರೆ ಖ. ಗ್ರಾಫ್ ಕೂಡ ಬೇಡ. ಒಂದು ಪ್ಲಾನ್ ತಿಂಗಳದ್ದು, ಇನ್ನೊಂದು ವರ್ಷದ್ದಾಗಿದ್ದರೆ ಮೊದಲು ಒಂದೇ ಅಳತೆಗೆ ತನ್ನಿ. ತೆರಿಗೆ ಎರಡಕ್ಕೂ ಒಂದೇ ಶೇಕಡಾವಾರು ಇದ್ದರೆ ಈ 100 ಕದಲುವುದಿಲ್ಲ.

ತೊಡಕು ಶುರುವಾಗುವುದು ‘ಮೊದಲ 80 ಯೂನಿಟ್ ಉಚಿತ’ ಎಂಬಲ್ಲಿ. ಗ ಪ್ಲಾನ್ ಹೀಗಿದೆ ಎನ್ನಿ: ಸ್ಥಿರ 350, 80 ದಾಟಿದ ಮೇಲೆ ಯೂನಿಟ್ಟಿಗೆ 6. ಹಲವರು ಇದನ್ನು 350 + 6(ಬ − 80) ಎಂದು ಬರೆದು ಎಲ್ಲ ಬಳಕೆಗೂ ಅದನ್ನೇ ಹಾಕುತ್ತಾರೆ. 20 ಯೂನಿಟ್ಟಿಗೆ ಉತ್ತರ −10 ಬರುತ್ತದೆ, ಅಂದರೆ ಕಂಪನಿಯೇ ನಿಮಗೆ ದುಡ್ಡು ಕೊಡಬೇಕು! ಆ ಸೂತ್ರ 80 ದಾಟಿದ ಮೇಲಷ್ಟೇ. ಅಲ್ಲಿಯವರೆಗೆ ಬಿಲ್ಲು 350ರಲ್ಲೇ ನಿಂತಿರುತ್ತದೆ.

ಸರಿಯಾಗಿ ಬರೆದರೆ ಚಿತ್ರವೇ ಬದಲು. 30 ಯೂನಿಟ್‌ವರೆಗೆ ಕ, ಅಲ್ಲಿಂದ 157ರವರೆಗೆ ಗ, 158ರಿಂದ ಖ. (ಗ, ಖ ಬಿಲ್ಲುಗಳು ಸಮವಾಗುವ ಛೇದಬಿಂದು 157.5, 157ಕ್ಕೆ ಗ 812, ಖ 814, 158ಕ್ಕೆ ಗ 818, ಖ 816.) ಮೊದಲು ಕಂಡುಹಿಡಿದ 100 ಈಗ ಯಾವ ಕೆಲಸಕ್ಕೂ ಬಾರದು, ಅಲ್ಲಿ ಗ ಬರೀ 470.

ಇನ್ನು ಸರಾಸರಿಯ ವಿಷಯ. ಒಂದು ತಿಂಗಳು 0, ಮುಂದಿನ ತಿಂಗಳು 200 ಯೂನಿಟ್ ಬಳಕೆ ಎಂದುಕೊಳ್ಳಿ. ಸರಾಸರಿ 100, ಹಾಗಾಗಿ 470ರ ಗ ಪ್ಲಾನೇ ಸರಿ ಅನಿಸುತ್ತದೆ. ಆದರೆ ನಿಜವಾದ ಬಿಲ್ಲು 350 ಮತ್ತು 1070, ಒಟ್ಟು 1420. ಕ, ಖ ಎರಡರಲ್ಲೂ ಆಗುವುದು 1400. ನೇರ ರೇಖೆಗೆ ಸರಾಸರಿ ಹಾಕಿದರೆ ಸರಾಸರಿ ಬಿಲ್ಲೇ ಸಿಗುತ್ತದೆ. ನಡುವೆ ಬಾಗಿದ ರೇಖೆಗೆ ಸಿಗದು, ಏಕೆಂದರೆ ಬಳಸದ ತಿಂಗಳ ಉಚಿತ ಯೂನಿಟ್ ಮುಂದಿನ ತಿಂಗಳಿಗೆ ಬರುವುದಿಲ್ಲ. ಬಂದರೆ ಲೆಕ್ಕವೇ ಬೇರೆ, ಷರತ್ತು ಓದಿ. ಇಲ್ಲದಿದ್ದರೆ ಹಳೆಯ ಬಿಲ್ಲುಗಳನ್ನು ತೆಗೆದು, ತಿಂಗಳು ತಿಂಗಳಿನ ಬಳಕೆಯನ್ನೂ ಬೇರೆಬೇರೆಯಾಗಿ ಸೂತ್ರಕ್ಕೆ ಹಾಕಿ, ಆಮೇಲೆ ಕೂಡಿ.