ಉತಾರದಾಗ ಅಕ್ಕನ ಹೆಸರು

ಗಂಡಸರು ಈಗ ಮನ್ಯಾಗ ಚಹಾ ಮಾಡ್ತೀವಿ, ಹೆಣ್ಣಮಕ್ಕಳ ನೌಕರಿ ಅಂದ್ರ ಹೆಮ್ಮೆ ಪಡ್ತೀವಿ. ಹೊಲದ ಉತಾರದ (ಪಹಣಿ) ಮಾತು ಬಂತಂದ್ರ ಮಾತ್ರ ಅಕ್ಕ-ತಂಗ್ಯಾರನ್ನ ಸೀರಿ-ಕುಬಸದಾಗ ಸಮಾಧಾನ ಮಾಡಾಕ ನೋಡ್ತೀವಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಾಗ ತಿದ್ದುಪಡಿ ಆಗಿ, ಪಿತ್ರಾರ್ಜಿತ ಆಸ್ತಿಯೊಳಗ ಮಗಳಿಗೂ ಮಗನಷ್ಟ ಹಕ್ಕು ಬಂದೈತಿ. ಅಪ್ಪ ಅದಕ್ಕೂ ಮೊದಲ ತೀರಿಕೊಂಡಿದ್ರೂ ಆ ಹಕ್ಕು ಹೋಗಂಗಿಲ್ಲ ಅಂತ 2020ರಾಗ ಸುಪ್ರೀಂ ಕೋರ್ಟ್ ಹೇಳೇತಿ.

ಮೊನ್ನೆ ಮುಧೋಳದಾಗ ನಮ್ಮ ಅಕ್ಕ ಹಕ್ಕು ಬಿಡೋ ಪತ್ರಕ್ಕ ಸಹಿ ಹಾಕಂಗಿಲ್ಲ ಅಂದ್ಲು.

"ತವರು ಬೇಕೋ, ಹೊಲ ಬೇಕೋ?" ಕಾಕಾ ಕೇಳಿದ.

"ಎರಡೂ ಬೇಕು ಕಾಕಾ. ಈ ಕಬ್ಬಿನ್ಯಾಗ ಕಳೆ ತೆಗದಾಕಿ ನಾನೂ ಹೌದಲ್ಲ?"

ಖರೇನ ಐತಿ. ನನ್ನ ಪಾಲು ಕಡಿಮಿ ಆಗ್ತೈತಿ, ಆಗಲಿ. ವಾಟ್ನಿ (ಆಸ್ತಿ ಪಾಲು ಮಾಡೋ) ಕಾಗದದಾಗ ಆಕಿ ಹೆಸರೂ ಬರೀರಿ ಅಂತ ನಾನೂ ಹೇಳೀನಿ.