ಯಾವ ಲ್ಯಾಪ್‌ಟಾಪ್ ತಗೊಳ್ಲಿ ಅಣ್ಣಾ?

ವಾರಕ್ಕೆ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಕುಷ್ಟಗಿಯ ಪಿಯುಸಿ ಹುಡುಗ, ಸಿಂಧನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡವರು, ಕಂಪ್ಲಿ ಕಡೆಯ ಡ್ರಾಯಿಂಗ್ ಮಾಸ್ತರರು. “ಅಣ್ಣಾ, ಅನಿಮೇಷನ್ ಕಲೀಬೇಕಂತ ಭಾಳ ದಿನದ ಆಸೆ ಐತಿ. ಯಾವ ಲ್ಯಾಪ್‌ಟಾಪ್ ತಗೊಳ್ಲಿ? ಎಷ್ಟು ರೊಕ್ಕ ಆಗ್ತೈತಿ?”

ಹಗಲು ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟ ಮುಗಿದ ಮೇಲೆ ಎರಡು ತಾಸು ಕಂಪ್ಯೂಟರಿನೊಳಗೆ ಗೊಂಬೆ ಕುಣಿಸುತ್ತೇನೆ. ಇದರಿಂದ ಒಂದು ರೂಪಾಯಿ ಬಂದಿಲ್ಲ, ಬರಲಿ ಎಂದು ಹಿಡಿದ ಕೆಲಸವೂ ಅಲ್ಲ. ಇಷ್ಟು ದಿನ ಒಬ್ಬೊಬ್ಬರಿಗೆ ಫೋನಿನಲ್ಲಿ ತುಂಡುತುಂಡಾಗಿ ಹೇಳುತ್ತಿದ್ದುದನ್ನು ಒಂದು ಕಡೆ ಬರೆದಿಡುತ್ತೇನೆ.

ಲ್ಯಾಪ್‌ಟಾಪಿನ ಮಾತು ಮೊದಲು ಮುಗಿಸಿಬಿಡೋಣ. ಮನೆಯಲ್ಲಿ ಯಾವುದಿದೆಯೋ ಅದರಲ್ಲೇ ಶುರು ಮಾಡಿ. 8 ಜಿಬಿ ರ‍್ಯಾಮ್ ಇದ್ದರೆ ಬ್ಲೆಂಡರ್ (ಅನಿಮೇಷನ್ ಮಾಡುವ ಪುಕ್ಕಟೆ ತಂತ್ರಾಂಶ) ಕಲಿಯಲು ಸಾಕು, 16 ಇದ್ದರೆ ಆರಾಮ. ಯಂತ್ರ ಹಳೆಯದಾಗಿ ಬ್ಲೆಂಡರಿನ ಹೊಸ ಆವೃತ್ತಿ ತೆರೆದುಕೊಳ್ಳದಿದ್ದರೆ ಹಳೆಯ ಆವೃತ್ತಿ ಇಳಿಸಿಕೊಳ್ಳಿ, ಅವರ ತಾಣದಲ್ಲಿ ಹಳೆಯವೆಲ್ಲ ಹಾಗೇ ಇವೆ. ಅದೂ ತಡವರಿಸಿದರೆ ಪೆನ್ಸಿಲ್2ಡಿ, ಓಪನ್‌ಟೂನ್ಜ್ ಇವೆ, ಇವೂ ಪುಕ್ಕಟೆ. ಏನೂ ಇಲ್ಲದಿದ್ದರೆ ಫೋನಿನಲ್ಲಿ ಬೆರಳಿನಿಂದ ಗೀಚಿ ಚೆಂಡು ಪುಟಿಸಿ. ಸಾಲ ಮಾಡಿ ಎಂಬತ್ತು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ತಂದು, ಮೂರನೇ ತಿಂಗಳಿಗೆ ಅದರಲ್ಲಿ ಬರೀ ಸಿನಿಮಾ ನೋಡುತ್ತಿರುವವರು ನನಗೆ ಪರಿಚಯದಲ್ಲೇ ಮೂವರಿದ್ದಾರೆ. ಅವರಲ್ಲಿ ಆಸೆ ಕಮ್ಮಿ ಇತ್ತು ಎಂದು ನಾನು ಹೇಳಲಾರೆ. ತಾವು ಮಾಡಿದ್ದನ್ನು ಅವರು ಯಾರಿಗೂ ತೋರಿಸಲಿಲ್ಲ, ಅಷ್ಟೇ.

ಹಾಗಾಗಿ ನನ್ನ ಉತ್ತರ ಇದು: ಲ್ಯಾಪ್‌ಟಾಪ್ ಹುಡುಕುವ ಮೊದಲು, ನಿಮ್ಮ ಅರೆಬರೆ ಕೆಲಸವನ್ನು ಒಂದೊಂದೇ ಫ್ರೇಮ್ (ಚಲನೆಯ ಒಂದೊಂದು ಚಿತ್ರ) ನಿಲ್ಲಿಸಿ ನೋಡುವ ಒಬ್ಬ ಮನುಷ್ಯರನ್ನು ಹುಡುಕಿಕೊಳ್ಳಿ.

ಇದು ನನಗೆ ಒಂದು ಬೆಳ್ಳಕ್ಕಿಯಿಂದ ತಿಳಿಯಿತು. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟು ಗದ್ದೆಗಳಲ್ಲಿ ಕೆಸರು ಮಾಡಲು ಟ್ರ್ಯಾಕ್ಟರ್ ಇಳಿದರೆ, ಅದರ ಹಿಂದೆಯೇ ಬೆಳ್ಳಕ್ಕಿಗಳು ಇಳಿಯುತ್ತವೆ. ಗಿರಣಿಗೆ ಹೋಗುವ ದಾರಿಯಲ್ಲಿ ದಿನಾ ನೋಡುತ್ತಿದ್ದೆ. ಆ ನಡಿಗೆ ತರಬೇಕೆಂದು ಒಂದು ತಿಂಗಳು ಕೂತೆ. ಹಕ್ಕಿ ಸಿದ್ಧವಾಯಿತು, ನಡೆಯಿತು ಕೂಡ. ಮೂವತ್ತು ನಲವತ್ತು ಜನರಿಗೆ ಕಳಿಸಿದೆ. ಎಲ್ಲರೂ “ಸೂಪರ್”, “ಭಾರಿ ಐತಿ” ಎಂದರು. ಮನಸ್ಸಿಗೆ ಹಿತವಾಯಿತು. ಆದರೆ ಆ ಹಕ್ಕಿ ಗದ್ದೆಯ ಹಕ್ಕಿಯಂತೆ ಇರಲಿಲ್ಲ. ಗಾಜಿನ ಮೇಲೆ ತೇಲಿದಂತೆ ಇತ್ತು. ಎಲ್ಲಿ ಕೆಟ್ಟಿದೆ ಎಂದು ನನಗೆ ಹಿಡಿಯಲಾಗಲಿಲ್ಲ.

ಆಗ ಬಳ್ಳಾರಿಯ ಒಬ್ಬ ಅಕ್ಕ ಫೋನ್ ಮಾಡಿದರು. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಮಗನ ಕಂಪ್ಯೂಟರಿನಲ್ಲಿ ತಾವೂ ಅನಿಮೇಷನ್ ಕಲಿತವರು. ಹೊಗಳಿಕೆ ಏನೂ ಇಲ್ಲ, ನೇರ ವಿಷಯಕ್ಕೇ ಬಂದರು. “ನೋಡಪ್ಪಾ, ಎಂಟನೇ ಫ್ರೇಮ್‌ನಾಗೆ ಎಡಗಾಲು ನೆಲಕ್ಕೆ ಊರೈತೆ. ಊರಿದ ಮ್ಯಾಲೆ ಅಲ್ಲೇ ಇರಬೇಕಲ್ಲಾ? ಹದಿನೈದರತನಕಾ ಜಾರ್ತಾನೇ ಐತೆ.” ಹೋಗಿ ನೋಡಿದೆ. ಜಾರುತ್ತಲೇ ಇತ್ತು. ಒಂದು ತಿಂಗಳು ಅದೇ ಪರದೆ ನೋಡಿದ ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ.

ಈ ಜಾರುವ ಕಾಲು ಶುರು ಮಾಡುವ ಬಹುತೇಕರಿಗೆ ಬರುವ ತೊಂದರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಡಿಗೆಯನ್ನು ನಾವು ಸಾಮಾನ್ಯವಾಗಿ ಇದ್ದಲ್ಲೇ ನಡೆಯುವಂತೆ ಮಾಡುತ್ತೇವೆ. ಮೈ ನಿಂತಲ್ಲೇ ಇರುತ್ತದೆ, ಊರಿದ ಕಾಲು ಹಿಂದಕ್ಕೆ ಸರಿಯುತ್ತದೆ. ಆಮೇಲೆ ಇಡೀ ಹಕ್ಕಿಯನ್ನು ಮುಂದಕ್ಕೆ ಸರಿಸುತ್ತೇವೆ. ಹಕ್ಕಿ ಒಂದೇ ವೇಗದಲ್ಲಿ ಮುಂದೆ ಹೋಗುವಾಗ ಊರಿದ ಕಾಲೂ ಅದೇ ವೇಗದಲ್ಲಿ ಹಿಂದೆ ಸರಿಯಬೇಕು, ಆಗಲೇ ಅದು ನೆಲದಲ್ಲಿ ನಿಂತಂತೆ ಕಾಣುವುದು. ಆದರೆ ಎರಡು ಕೀ (ಇಂಥ ಫ್ರೇಮಿನಲ್ಲಿ ಇಂಥ ಭಂಗಿ ಎಂಬ ಗುರುತು) ಇಟ್ಟರೆ ಬ್ಲೆಂಡರ್ ತಾನಾಗಿಯೇ ಅವುಗಳ ನಡುವೆ ಬಾಗಿದ ಗೆರೆ ಎಳೆಯುತ್ತದೆ: ನಿಧಾನಕ್ಕೆ ಹೊರಟು, ನಡುವೆ ಜೋರಾಗಿ, ಮತ್ತೆ ನಿಧಾನಕ್ಕೆ ನಿಲ್ಲುವ ಚಲನೆ. ಮೈ ಒಂದು ವೇಗ, ಕಾಲು ಇನ್ನೊಂದು ವೇಗ. ಅಲ್ಲೇ ಜಾರುತ್ತದೆ. ಆ ಗೆರೆಗಳನ್ನು ತಿದ್ದುವ ಗ್ರಾಫ್ ಎಡಿಟರಿಗೆ ಹೋಗಿ, ಕಾಲು ನೆಲದಲ್ಲಿರುವಷ್ಟು ಹೊತ್ತಿನ ಗೆರೆಯನ್ನು ನೇರ ಮಾಡಿ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದ ಕೆಲಸ ತಿಳಿಯದೆ ನಾನು ಹಕ್ಕಿಯನ್ನೇ ಅಳಿಸಿಹಾಕುವವನಿದ್ದೆ.

ಅದೇ ಹಕ್ಕಿಯನ್ನು ರಾಯಚೂರಿನ ಗೆಳೆಯನಿಗೂ ತೋರಿಸಿದೆ. ಅವನ ಕೆಲಸ ಪಶು ಆಸ್ಪತ್ರೆಯಲ್ಲಿ. “ಮೊಣಕಾಲು ಎಲ್ಲಿ ಇಟ್ಟೀ?” ಎಂದ. ಹಿಂದಕ್ಕೆ ಬಾಗುವುದೇ ಮೊಣಕಾಲು ಎಂದು ನಾನು ತಿಳಿದಿದ್ದೆ. ಅದು ಹಕ್ಕಿಯ ಹರಡು, ಅಂದರೆ ಪಾದದ ಕೀಲು ಅಂತೆ, ನಿಜವಾದ ಮೊಣಕಾಲು ಮೇಲೆ ಪುಕ್ಕದೊಳಗೆ ಅಡಗಿರುತ್ತದೆ. ಕೀಲು ತಪ್ಪು ಜಾಗದಲ್ಲಿದ್ದರೆ ಎಷ್ಟು ತಿದ್ದಿದರೂ ನಡಿಗೆ ಸರಿ ಬರುವುದಿಲ್ಲ. ಕುತ್ತಿಗೆಯನ್ನೂ ಅವನೇ ಹೇಳಿಕೊಟ್ಟ: ಮೈ ಮುಂದೆ ಹೋಗುವಾಗ ತಲೆ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ಮುಂದಕ್ಕೆ ಚಾಚುತ್ತದೆ. ಅಂಗಳದ ಕೋಳಿಯಲ್ಲೂ ಇದನ್ನೇ ನೋಡಬಹುದು. ನೋಡಿಲ್ಲದವರು ಇವತ್ತೇ ನೋಡಿ.

ದರ್ಜಿ ಕೆಲಸದ ಅಕ್ಕ, ಪಶು ಆಸ್ಪತ್ರೆಯ ಗೆಳೆಯ, ಅಕ್ಕಿ ಗಿರಣಿಯ ನಾನು. ಮೂವರಲ್ಲಿ ಯಾರೂ ಅನಿಮೇಷನ್ ಕೋರ್ಸ್ ಮಾಡಿಲ್ಲ. ಬಟ್ಟೆ ಹೇಗೆ ಬೀಳುತ್ತದೆ, ನೆರಿಗೆ ಎಲ್ಲಿ ಕೂಡುತ್ತದೆ ಎಂಬುದು ಅಕ್ಕನಿಗೆ ಬೆರಳ ತುದಿಯಲ್ಲಿ ಗೊತ್ತು. ಮೂಟೆ ಹೊರುವ ಹಮಾಲರ ನಡಿಗೆ ನನಗೆ ಗೊತ್ತು: ಅರ್ಧ ಕ್ವಿಂಟಲ್ ಭತ್ತ ಮೈಮೇಲಿದ್ದರೂ ಹೆಜ್ಜೆ ಹೇಗೆ ಚಿಕ್ಕದಾಗುತ್ತದೆ, ಸೊಂಟ ಯಾವ ಕಡೆ ವಾಲುತ್ತದೆ. ಅವರವರ ದುಡಿಮೆಯಲ್ಲಿ ಕಂಡದ್ದು ಇನ್ನೊಬ್ಬರ ಗೊಂಬೆಗೆ ಜೀವ ಕೊಡುತ್ತದೆ. ಇದಕ್ಕೆ ಯಾವ ಗ್ರಾಫಿಕ್ಸ್ ಕಾರ್ಡೂ ಬೇಡ.

ಹೊಗಳಬಾರದು ಎಂದಲ್ಲ. ಮೊದಲ ಸಲ ತೋರಿಸುವವರ ಎದೆ ಎಷ್ಟು ಹೊಡೆದುಕೊಳ್ಳುತ್ತದೆ ಎಂದು ನನಗೆ ಗೊತ್ತು. ಆದರೆ ಬರೀ “ಚೊಲೊ ಐತಿ” ಎಂದರೆ ಆ ಮನುಷ್ಯನಿಗೆ ನಾಳೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಯಾವುದು ಚೊಲೊ, ಎಷ್ಟನೇ ಫ್ರೇಮಿನಲ್ಲಿ? “ಇಪ್ಪತ್ತರಲ್ಲಿ ರೆಕ್ಕೆ ಬಿಚ್ಚುವ ಮೊದಲು ಮೈ ಒಂಚೂರು ತಗ್ಗಿತಲ್ಲ, ಅದು ಬಹಳ ಚೆನ್ನಾಗಿದೆ” ಎಂದರೆ ಅದನ್ನು ಅವರು ಜನ್ಮದಲ್ಲಿ ಮರೆಯುವುದಿಲ್ಲ. ತಪ್ಪು ಹೇಳುವಾಗಲೂ ಒಂದೇ ತಪ್ಪು ಹೇಳಿ. ಒಂದೇ ಸಲಕ್ಕೆ ಹನ್ನೆರಡು ತಪ್ಪು ಪಟ್ಟಿ ಮಾಡಿ ಕಳಿಸಿದ್ದಕ್ಕೆ ಒಬ್ಬ ಹುಡುಗಿ ಇದನ್ನು ಬಿಟ್ಟೇಬಿಟ್ಟಳು, ಕಳಿಸಿದವನು ನಾನೇ. ಎರಡು ವರ್ಷವಾಯಿತು, ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ಈ ವಿದ್ಯೆ ದೂರದ ಊರಿನದು, ನಮ್ಮ ಕಡೆಗೆ ಹೊಸದು ಎನ್ನುವವರಿಗೆ ಮೋರನಾಳ ನೆನಪಿಸುತ್ತೇನೆ. ಕೊಪ್ಪಳ ಜಿಲ್ಲೆಯದೇ ಊರು. ಅಲ್ಲಿಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲುಗೊಂಬೆ ಆಟಕ್ಕೆ. ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಬಣ್ಣ ಕಟ್ಟಿ, ಕೈಕಾಲುಗಳನ್ನು ಬೇರೆಬೇರೆ ಕತ್ತರಿಸಿ ದಾರದಿಂದ ಕೀಲು ಜೋಡಿಸುತ್ತಾರೆ. ಕಂಪ್ಯೂಟರಿನಲ್ಲಿ ನಾವು ರಿಗ್ ಎನ್ನುವುದು ಇದನ್ನೇ. ಭುಜದ ಕೀಲು ಎಲ್ಲಿ ಕೂರಬೇಕು, ಎಷ್ಟು ಸಡಿಲವಿರಬೇಕು ಎಂಬುದನ್ನು ಆ ಮನೆತನಗಳು ತಲೆಮಾರುಗಳಿಂದ ಕೈಯಲ್ಲಿ ಇಟ್ಟುಕೊಂಡು ಬಂದಿವೆ. ಕಟ್‌ಔಟ್ ಅನಿಮೇಷನ್ (ಕತ್ತರಿಸಿದ ತುಂಡುಗಳನ್ನು ಜೋಡಿಸಿ ಕುಣಿಸುವುದು) ಕಲಿಯುವವರಿಗೆ ನಾನು ಮೊದಲು ಹೇಳುವುದು ಒಂದು ರಾತ್ರಿ ತೊಗಲುಗೊಂಬೆ ಆಟ ನೋಡಿ ಬನ್ನಿ ಎಂದು. ಮಾತಾಡುವ ಗೊಂಬೆ ಮಾತ್ರ ಅಲುಗುತ್ತದೆ, ಉಳಿದದ್ದು ಸುಮ್ಮನಿರುತ್ತದೆ. ಯಾರ ಕಡೆ ನೋಡಬೇಕೆಂದು ಪ್ರೇಕ್ಷಕರಿಗೆ ಬೇರೆ ಹೇಳಬೇಕಿಲ್ಲ. ಹೊಸಬರು ಎಲ್ಲವನ್ನೂ ಒಟ್ಟಿಗೆ ಅಲುಗಿಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ.

ಇನ್ನು ನಮ್ಮ ಕಡೆಯ ಬಿಸಿಲು ಮತ್ತು ಕರೆಂಟು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಹತ್ತು ಸೆಕೆಂಡಿಗೆ 240 ಚಿತ್ರ. ಒಂದೊಂದನ್ನು ಪೂರ್ತಿ ಚಿತ್ರವಾಗಿ ತೆಗೆಯಲು (ಇದಕ್ಕೆ ರೆಂಡರ್ ಎನ್ನುತ್ತಾರೆ) ಕಂಪ್ಯೂಟರಿಗೆ ನಾಲ್ಕು ನಿಮಿಷ ಹಿಡಿದರೆ 16 ತಾಸು. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಹಗಲಿನಲ್ಲಿ ಯಂತ್ರ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಆ ಕೆಲಸವನ್ನು ರಾತ್ರಿಗೆ ಇಡಿ. ನೇರವಾಗಿ ವಿಡಿಯೊ ಫೈಲಿಗೆ ರೆಂಡರ್ ಮಾಡಲೇಬೇಡಿ. ನಾನು ಮಾಡಿದ್ದೆ. ನಸುಕಿನಲ್ಲಿ ಕರೆಂಟು ಹೋಯಿತು, ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಸತ್ತಿತ್ತು, ಹನ್ನೊಂದು ತಾಸಿನ ಕೆಲಸದ ಫೈಲು ತೆರೆಯಲೇ ಇಲ್ಲ. ಪಿಎನ್‌ಜಿ ಚಿತ್ರಗಳಾಗಿ ಒಂದೊಂದೇ ಉಳಿಸಿದರೆ 170ನೇ ಚಿತ್ರಕ್ಕೆ ಕರೆಂಟು ಹೋದರೂ ಮತ್ತೆ ಅಲ್ಲಿಂದಲೇ ಶುರು. ಕೊನೆಗೆ ಎಲ್ಲ ಚಿತ್ರ ಜೋಡಿಸಿ ವಿಡಿಯೊ ಮಾಡಿಕೊಳ್ಳಬಹುದು.

ಕನ್ನಡ ಅಕ್ಷರದ ಮಾತೂ ಬಹಳ ಜನ ಕೇಳುತ್ತಾರೆ. ಬ್ಲೆಂಡರಿನಲ್ಲಿ ನೇರ ಕನ್ನಡ ಬರೆದಾಗ ನನಗೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಂದವು. “ಕೊಪ್ಪಳ” ಎಂಬುದನ್ನೇ ಓದಲಾಗಲಿಲ್ಲ. ಹೆಸರನ್ನು ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ಬರೆದು, ಅಕ್ಷರವನ್ನು ಪಾತ್ ಆಗಿ, ಅಂದರೆ ಬರೀ ಗೆರೆಯ ಆಕಾರವಾಗಿ ಬದಲಿಸಿ, ಎಸ್‌ವಿಜಿ ಫೈಲು ಮಾಡಿ ಬ್ಲೆಂಡರಿಗೆ ತಂದರೆ ಸರಿಯಾಗಿ ಕೂರುತ್ತದೆ. ಇದನ್ನು ಹೇಳಿಕೊಟ್ಟವರು ಕಂಪ್ಲಿಯ ಆ ಡ್ರಾಯಿಂಗ್ ಮಾಸ್ತರರು. ನನ್ನ ಹತ್ತಿರ ಲ್ಯಾಪ್‌ಟಾಪ್ ಕೇಳಲು ಬಂದವರೇ.

“ಪುಕ್ಕಟೆ ಯಾಕ ಹೇಳಿಕೊಡ್ತೀ?” ಎಂದು ಮನೆಯಲ್ಲೂ ಕೇಳುತ್ತಾರೆ. ನಾನು ದಿನಾ ಬಳಸುವ ಬ್ಲೆಂಡರೇ ಜನ ಕೂಡಿ ಉಳಿಸಿಕೊಂಡದ್ದು. ನೆದರ್ಲೆಂಡ್ಸಿನ ಟಾನ್ ರೋಸೆಂಡಾಲ್ ಕಟ್ಟಿದ ಈ ತಂತ್ರಾಂಶವನ್ನು ನಡೆಸುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿದಾಗ, ಒಂದು ಲಕ್ಷ ಯೂರೊ ಕೊಟ್ಟರೆ ಅದನ್ನು ಎಲ್ಲರಿಗೂ ಮುಕ್ತ ಮಾಡುತ್ತೇವೆ ಎಂಬ ಮಾತಾಯಿತು. ಬಳಸುತ್ತಿದ್ದವರೇ ಏಳು ವಾರದಲ್ಲಿ ಅಷ್ಟು ಹಣ ಕೂಡಿಸಿದರು. ಆ ವರ್ಷದ ಅಕ್ಟೋಬರಿನಿಂದ ಅದು ಎಲ್ಲರದು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ಎಂಬ ಬೆಕ್ಕಿನ ಚಿತ್ರ ತಯಾರಾದದ್ದು ಇದರಲ್ಲೇ. ಗಂಗಾವತಿಯಲ್ಲಿ ಕೂತು ನಾನು ತೆರೆಯುವುದೂ ಅದೇ ತಂತ್ರಾಂಶ. ನನಗೆ ಗುರುತಿಲ್ಲದವರು ಇಷ್ಟು ಕೊಟ್ಟಿರುವಾಗ ಕುಷ್ಟಗಿಯ ಹುಡುಗನಿಗೆ ಅರ್ಧ ತಾಸು ಕೊಡುವುದು ನನಗೆ ಹೊರೆ ಅನಿಸುವುದಿಲ್ಲ.

ಆ ಹುಡುಗನ ವಿಷಯ ಹೇಳುತ್ತೇನೆ. ಲ್ಯಾಪ್‌ಟಾಪ್ ಯಾವುದೆಂದು ಕೇಳಿದ. “ಮೊದಲು ನಿಮ್ಮ ಅಣ್ಣನ ಫೋನಿನಾಗ ಒಂದು ಚೆಂಡು ಬೀಳಿಸಿ ಕಳ್ಸು” ಎಂದೆ. ಒಂದೂಕಾಲು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಅರ್ಧ ಸೆಕೆಂಡ್, ಅಂದರೆ 12 ಫ್ರೇಮ್. ಮೊದಲ ಆರರಲ್ಲಿ ಕಾಲುಭಾಗ ದೂರ ಮಾತ್ರ ಇಳಿಯುತ್ತದೆ, ಉಳಿದ ಮುಕ್ಕಾಲು ಭಾಗ ಕೊನೆಯ ಆರರಲ್ಲಿ. ಇಷ್ಟು ಹೇಳಿ ಬಿಟ್ಟೆ. ನಾಲ್ಕು ದಿನ ಸುದ್ದಿಯಿಲ್ಲ. ಐದನೇ ದಿನ ಒಂದಲ್ಲ, ಒಂಬತ್ತು ಚೆಂಡು ಕಳಿಸಿದ್ದ. ಏಳನೆಯದರಲ್ಲಿ ಭಾರ ಬಂದಿತ್ತು. ಏಳನೆಯದೇ ಯಾಕೆ ಸರಿ ಎಂದು ಅವನಿಗೆ ಹೇಳಿದೆ, ಎಂಟನೆಯದರಲ್ಲಿ ಒಂದು ತಪ್ಪು ತೋರಿಸಿದೆ.

ಅವನ ಹತ್ತಿರ ಇನ್ನೂ ಲ್ಯಾಪ್‌ಟಾಪ್ ಇಲ್ಲ. ಹೋದ ವಾರ ನನ್ನ ಹೊಸ ಬೆಳ್ಳಕ್ಕಿ ನೋಡಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. “ಅಣ್ಣಾ, ಮೂವತ್ತೊಂದರಾಗ ಮೀನು ಬಾಯಾಗ ಬರೂಕಿಂತ ಮೊದ್ಲ ಕೊಕ್ಕು ಮುಚ್ಚೈತಿ.” ಎದ್ದು ಹೋಗಿ ನೋಡಿದೆ. ಎರಡು ಫ್ರೇಮ್ ಮೊದಲೇ ಮುಚ್ಚಿತ್ತು.